ಬಿಡುವಿಲ್ಲದ ದಿನದ ಹಂದಿ ಬಾಡು

ಬೇಯಲು ಹೆಚ್ಚು ಹೊತ್ತು ಬೇಕಾಗುವ ಪದಾರ್ಥವನ್ನು ಕೈತುಂಬ ಕೆಲಸವಿರುವ ದಿನ ಅಡುಗೆಗೆ ಎತ್ತಿಕೊಳ್ಳಬಾರದೆಂಬುದು ಮನೆಮನೆಯ ತಿಳಿವಳಿಕೆಯಾಗಿದ್ದರೂ, ಹಂದಿ ಮಾಂಸದ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಅಡುಗೆ ಬೇಯಲು ತಗಲುವ ಹೊತ್ತು ಒಂದು, ಅಡುಗೆಯವರು ಒಲೆಯ ಮುಂದೆ ನಿಂತಿರಬೇಕಾದ ಹೊತ್ತು ಇನ್ನೊಂದು. ಕೋಳಿ ಸಾರಿಗೆ ಒಟ್ಟು ಒಂದು ಗಂಟೆ ಸಾಕಾದರೂ ಆ ಗಂಟೆಯ ಬಹುಪಾಲು ಒಬ್ಬರು ಅಲ್ಲಿಯೇ ಇರಬೇಕಾಗುತ್ತದೆ. ಸಣ್ಣ ಉರಿಯಲ್ಲಿ ಎಂಟು ಗಂಟೆ ಬೇಯುವ ಹಂದಿ ಬಾಡಿಗೆ ಹಿಂದಿನ ರಾತ್ರಿ ಅರ್ಧ ಗಂಟೆ, ಬೆಳಿಗ್ಗೆ ಕಾಲು ಗಂಟೆ, ಸಂಜೆ ಹತ್ತು ನಿಮಿಷ ಕೊಟ್ಟರೆ ಉಳಿದುದನ್ನು ಹೊತ್ತೇ ಮಾಡಿ ಮುಗಿಸುತ್ತದೆ. ವಿದ್ಯುತ್ತಿನಿಂದ ನಡೆಯುವ 'ಸ್ಲೋ ಕುಕ್ಕರ್', ಅಂದರೆ ಕುದಿಯುವ ಮಟ್ಟಕ್ಕಿಂತ ತುಸು ಕೆಳಗಿನ ಶಾಖವನ್ನು ಗಂಟೆಗಟ್ಟಲೆ ಒಂದೇ ಸಮನೆ ಕೊಡುವ ಪಾತ್ರೆ, ಈ ಕಾರಣಕ್ಕಾಗಿಯೇ ಕೆಲಸಕ್ಕೆ ಹೋಗುವವರ ಅಡುಗೆಮನೆಗೆ ಒಪ್ಪುತ್ತದೆ.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಂಥ ಅಡಿಕೆ ಸೀಮೆಯಲ್ಲಿ ಬಿಡುವಿಲ್ಲದ ದಿನವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕೆರೆಯ ಆಸರೆಯಲ್ಲಿ ಬೆಳೆದ ತೋಟಗಳಿಗೂ ಅಡಿಕೆ ವ್ಯಾಪಾರಕ್ಕೂ ಹೆಸರಾದ ಈ ಊರಿನಲ್ಲಿ ಕೊಯ್ಲಿನ ತಿಂಗಳುಗಳು ಬಂದವೆಂದರೆ ಗೊನೆ ಇಳಿಸುವುದು, ಹಸಿ ಅಡಿಕೆ ಸುಲಿಯುವುದು, ಸುಲಿದುದನ್ನು ಹಂಡೆಯಲ್ಲಿ ಬೇಯಿಸುವುದು, ಬೆಂದುದನ್ನು ಅಂಗಳದಲ್ಲಿ ಹರವಿ ಒಣಗಿಸುವುದು, ಇವೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಕೊಯ್ದ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲವಾದ್ದರಿಂದ ತೋಟದವರಿಗಾಗಲಿ, ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆ ಹಿಡಿಯುವ ಖೇಣಿದಾರರಿಗಾಗಲಿ, ಸುಲಿಯುವ ಹೆಂಗಸರಿಗಾಗಲಿ ಮಧ್ಯಾಹ್ನದ ಹೊತ್ತು ಮನೆಗೆ ಬಂದು ಒಲೆ ಹಚ್ಚುವ ಅವಕಾಶ ಕಡಿಮೆ. ಸುಲಿಯುವ ಯಂತ್ರಗಳು ಬಂದ ಮೇಲೆ ಕೈಗೆ ಕೊಂಚ ಬಿಡುವು ಸಿಕ್ಕಿದೆಯಾದರೂ ದಿನದ ಉದ್ದ ಹಾಗೆಯೇ ಉಳಿದಿದೆ. ಜಿಲ್ಲಾ ಕೇಂದ್ರದ ಕಚೇರಿಗೋ ಶಾಲೆಗೋ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮರಳುವವರ ದಿನವೂ ಇದಕ್ಕಿಂತ ಭಿನ್ನವಲ್ಲ.

ಹಂದಿ ಮಾಂಸ ಈ ಸೀಮೆಯ ಎಲ್ಲರ ಮನೆಯ ಅಡುಗೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿಂಗಾಯತರ ಮನೆಗಳಲ್ಲಿ ಯಾವ ಬಾಡೂ ಒಲೆಗೆ ಏರುವುದಿಲ್ಲ. ಮುಸ್ಲಿಮರಿಗೆ ಹಂದಿ ನಿಷಿದ್ಧ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ಕುರಿ ಬಾಡನ್ನು ಉಂಡರೂ ಕೋಳಿ ಮತ್ತು ಹಂದಿಯನ್ನು ಸಂಪ್ರದಾಯವಾಗಿ ದೂರವಿಟ್ಟವರು. ಹಂದಿ ಸಾಕಣೆಯನ್ನೇ ಬದುಕಾಗಿಸಿಕೊಂಡ ಕೊರಮ, ಹಂದಿಜೋಗಿ ಮುಂತಾದ ಸಮುದಾಯಗಳೂ, ದಲಿತ ಕುಟುಂಬಗಳಲ್ಲಿ ಅನೇಕವೂ ಇದನ್ನು ಮೊದಲಿನಿಂದ ಉಣ್ಣುತ್ತ ಬಂದಿದ್ದು, ಅವರ ಊಟವನ್ನು ಕೀಳೆಂದು ಕಂಡ ಸಮಾಜವೇ ಇಂದು ಪಟ್ಟಣದ ಹೋಟೆಲಿನಲ್ಲಿ ಅದೇ ಮಾಂಸಕ್ಕೆ ಕೈತುಂಬ ದುಡ್ಡು ತೆರುತ್ತಿರುವುದು ಗಮನಿಸಬೇಕಾದ ಸಂಗತಿ. ಈ ತಾತ್ಸಾರ ಕನ್ನಡ ನಾಡಿನಲ್ಲಿ ಎಲ್ಲ ಕಾಲಕ್ಕೂ ಇದ್ದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ, ಹಂದಿಯ ಮೈಮೇಲೆ ಬಿಳಿಯ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ತೆಗೆಯುವ ಬಗೆಯೂ, ಅದನ್ನು ಬೆಂಕಿಯಲ್ಲಿ ಸುಟ್ಟು ಸೀಳುಗಳಾಗಿ ಕೊಯ್ಯುವ ಬಗೆಯೂ ಅರಮನೆಯ ಅಡುಗೆಯಾಗಿಯೇ ಬಂದಿವೆ.

ಕೊಡಗಿನ ಪಂದಿ ಕರಿ ಮತ್ತು ಮಂಗಳೂರಿನ ಕ್ರೈಸ್ತರ ದುಕ್ರಾ ಮಾಸ್ ಇಂದಿನ ಕರ್ನಾಟಕದ ಹಂದಿ ಅಡುಗೆಗಳಲ್ಲಿ ಹೆಚ್ಚು ಹೆಸರು ಪಡೆದವು. ಇವೆರಡೂ ಅವಸರದ ಅಡುಗೆಗಳಲ್ಲ, ಇವೆರಡೂ ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚೆಂದು ಹೆಸರಾದವು. ಸ್ಲೋ ಕುಕ್ಕರಿಗೆ ಹೊಸ ಪಾಕವೊಂದನ್ನು ಹೊರಗಿನಿಂದ ತರುವ ಬದಲು ಪಂದಿ ಕರಿಯನ್ನೇ ಅದಕ್ಕೆ ಒಗ್ಗಿಸಿಕೊಳ್ಳುವುದು ಹೆಚ್ಚು ಸರಿಯಾದ ದಾರಿ. ಏಕೆ ಸರಿ ಎಂಬುದು ಮಾಂಸದ ಒಳಗಿನ ರಚನೆಯನ್ನು ಅರಿತರೆ ಸ್ಪಷ್ಟವಾಗುತ್ತದೆ.

ಮಾಂಸವೆಂದರೆ ಮುಖ್ಯವಾಗಿ ಸ್ನಾಯುವಿನ ಎಳೆಗಳು, ಅವನ್ನು ಕಟ್ಟಿ ಹಿಡಿದಿರುವ ಬಿಳಿಯ ಪೊರೆ, ನಡುನಡುವೆ ಕೊಬ್ಬು ಮತ್ತು ನೀರು. ಎಳೆಗಳಲ್ಲಿರುವ ಪ್ರೋಟೀನು 50 ಡಿಗ್ರಿ ಸೆಲ್ಸಿಯಸ್ ಸುಮಾರಿನಿಂದಲೇ ಹೆಪ್ಪುಗಟ್ಟುತ್ತ, ಶಾಖ ಏರಿದಂತೆ ಕುಗ್ಗಿ ಒಳಗಿನ ನೀರನ್ನು ಹೊರಗೆ ಹಿಂಡುತ್ತದೆ. ಅರ್ಧ ಬೆಂದ ಬಾಡು ಹಸಿಯದಕ್ಕಿಂತ ಗಟ್ಟಿಯಾಗಿರುವುದು ಇದರಿಂದ. ಪೊರೆಯಲ್ಲಿರುವ ಪ್ರೋಟೀನಿಗೆ ಕೊಲಾಜೆನ್ ಎಂದು ಹೆಸರು. ಹಗ್ಗದಂತೆ ಮೂರು ಎಳೆ ಹೊಸೆದುಕೊಂಡಿರುವ ಇದು 60 ಡಿಗ್ರಿಯ ಆಸುಪಾಸಿನಲ್ಲಿ ಮೊದಲು ಕುಗ್ಗಿ, 70 ಡಿಗ್ರಿ ದಾಟಿದ ಮೇಲೆ ತೇವವಿದ್ದರೆ ನಿಧಾನವಾಗಿ ಹೊಸೆತ ಬಿಚ್ಚಿಕೊಂಡು ಜೆಲಟಿನ್ ಎಂಬ ಮೃದುವಾದ, ನೀರನ್ನು ಹಿಡಿದಿಡುವ ವಸ್ತುವಾಗಿ ಮಾರ್ಪಡುತ್ತದೆ. ಕಾಲಿನ ಸಾರು ತಣಿದಾಗ ಹೆಪ್ಪುಗಟ್ಟಿ ಅಲುಗಾಡುವುದು ಈ ಜೆಲಟಿನ್‌ನಿಂದಲೇ. ಈ ಮಾರ್ಪಾಟಿಗೆ ಶಾಖವೊಂದೇ ಸಾಲದು, ಹೊತ್ತೂ ಬೇಕು. ಆದ್ದರಿಂದ ಹೆಚ್ಚು ಓಡಾಟ ಮಾಡಿದ, ಪೊರೆ ಹೆಚ್ಚಿರುವ ಮುಂಗಾಲಿನ ಮೇಲ್ಭಾಗ, ಅಂದರೆ ಭುಜದ ಮಾಂಸ, ನಿಧಾನ ಬೇಯಿಸುವುದಕ್ಕೆ ಎಲ್ಲಕ್ಕಿಂತ ಯೋಗ್ಯ. ಬೆನ್ನಿನ ಕೊಬ್ಬಿಲ್ಲದ ಮೃದು ಮಾಂಸವಾದರೋ ಎಂಟು ಗಂಟೆ ಬೆಂದರೆ ನಾರಾಗಿ ಒಣಗುತ್ತದೆ. ಕೊಬ್ಬು ಬೇಡವೆಂದು ಅಂಗಡಿಯವನಿಂದ ಬರಿಯ ಮೆತ್ತನೆಯ ಮಾಂಸ ಕೊಯ್ಸಿಕೊಂಡು ಬಂದವರು ಪಾತ್ರೆಯನ್ನು ದೂರಿ ಫಲವಿಲ್ಲ.

ಈ ತತ್ತ್ವ ವಿದ್ಯುತ್ ಬರುವ ಮೊದಲೇ ಕನ್ನಡದ ಅಡುಗೆಮನೆಗೆ ಗೊತ್ತಿತ್ತು. ಹಳೆಯ ಮಣ್ಣಿನ ಒಲೆಗೆ ಅಂಟಿಕೊಂಡಂತೆ ಕೋಡೊಲೆ ಎಂಬ ಚಿಕ್ಕ ಒಲೆಯೊಂದಿರುತ್ತಿತ್ತು. ಅದಕ್ಕೆ ಪ್ರತ್ಯೇಕ ಸೌದೆ ಇಡುತ್ತಿರಲಿಲ್ಲ. ದೊಡ್ಡ ಒಲೆಯ ಉರಿ ಒಳದಾರಿಯಿಂದ ಹರಿದು ಬಂದಷ್ಟೇ ಅದರ ಶಾಖ. ಮುಖ್ಯ ಒಲೆಯಲ್ಲಿ ಮುದ್ದೆಯ ಎಸರು ಕುದಿಯುತ್ತಿದ್ದರೆ ಕೋಡೊಲೆಯ ಮೇಲಿನ ಗಡಿಗೆಯಲ್ಲಿ ಹಾಲೋ ಹುರುಳಿಕಾಳೋ ತನ್ನ ಪಾಡಿಗೆ ಕಾಯುತ್ತಿತ್ತು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಪಾತ್ರೆ ಇಡುವ ರೂಢಿಯೂ ಇದೇ ಜಾಣತನದ್ದು. ಗ್ಯಾಸ್ ಒಲೆ ಬಂದು ಅಡುಗೆ ಹಗುರವಾದದ್ದು ಸರಿಯೇ, ಆದರೆ ತಾನಾಗಿ ಸಿಗುತ್ತಿದ್ದ ಈ ಉಳಿಕೆ ಶಾಖ ಅದರೊಂದಿಗೇ ಹೊರಟುಹೋಯಿತು.

ಸ್ಲೋ ಕುಕ್ಕರಿನ ಹುಟ್ಟಿನ ಕಥೆಯೂ ಇಂಥದೇ ಉಳಿಕೆ ಶಾಖದಿಂದ ಆರಂಭವಾಗುತ್ತದೆ. ಯಹೂದಿಗಳು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ, ಪೂರ್ವ ಯೂರೋಪಿನ ಊರುಗಳಲ್ಲಿ ಕಾಳು ಮತ್ತು ಮಾಂಸ ತುಂಬಿದ ಗಡಿಗೆಯನ್ನು ಶುಕ್ರವಾರ ಸಂಜೆಯೇ ಬೇಕರಿಯ ಒಲೆಯೊಳಗೆ ಇಟ್ಟು ಮರುದಿನ ತೆಗೆಯುತ್ತಿದ್ದರು. ಆ ಅಡುಗೆಗೆ ಚೋಲೆಂಟ್ ಎಂದು ಹೆಸರು. ಲಿಥುವೇನಿಯಾ ಕಡೆಯ ತನ್ನ ಅಜ್ಜಿ ಹೀಗೆ ಅಡುಗೆ ಮಾಡುತ್ತಿದ್ದುದನ್ನು ತಾಯಿಯಿಂದ ಕೇಳಿದ್ದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬ ಸಂಶೋಧಕ, ಸುತ್ತಲೂ ಶಾಖ ಕೊಡುವ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಎಂಬ ಕಂಪನಿ ಅವನ ಉದ್ಯಮವನ್ನು ಕೊಂಡು, ಮರುವರ್ಷ 'ಕ್ರಾಕ್ ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಾಗ, ಹೊರಗೆ ದುಡಿಯಲು ಹೋಗುತ್ತಿದ್ದ ಹೆಂಗಸರು ಅದನ್ನು ಮುಗಿಬಿದ್ದು ಕೊಂಡರು. ಹಂದಿಯನ್ನು ಮುಟ್ಟದ ಸಮುದಾಯದ ಹಬ್ಬದ ಗಡಿಗೆಯಿಂದ ಹುಟ್ಟಿದ ಪಾತ್ರೆಯಲ್ಲಿ ಇಂದು ಅಮೆರಿಕನ್ನರು ಪ್ರೀತಿಯಿಂದ ಬೇಯಿಸುವುದು ಹಂದಿಯ ಭುಜವನ್ನೇ ಎಂಬುದು ಅಡುಗೆಯ ಇತಿಹಾಸದ ವಿನೋದಗಳಲ್ಲೊಂದು. ಭಾರತದಲ್ಲಿಯೂ ಇದಕ್ಕೆ ಮೊದಲೇ, 1910ರಲ್ಲಿ, ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ ಅವರು ತಳದಲ್ಲಿ ಇದ್ದಿಲಿನ ಕೆಂಡ, ಮೇಲೆ ಅಂತಸ್ತುಗಳ ಡಬ್ಬಿಗಳಿದ್ದು ಹಬೆಯಲ್ಲಿ ತಾನೇ ಬೇಯಿಸುವ 'ಇಕ್ಮಿಕ್ ಕುಕ್ಕರ್' ತಯಾರಿಸಿದ್ದರು.

ಇಂದಿನ ಸ್ಲೋ ಕುಕ್ಕರಿನಲ್ಲಿ ಹೊರಗೆ ತಂತಿ ಸುತ್ತಿದ ಲೋಹದ ಗೂಡು, ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ ಇಷ್ಟೇ ಇರುತ್ತವೆ. 'ಲೋ' ಮತ್ತು 'ಹೈ' ಎಂಬ ಎರಡು ಮಟ್ಟಗಳಲ್ಲಿ ಪದಾರ್ಥ ಕೊನೆಗೆ ಮುಟ್ಟುವ ಶಾಖ ಹೆಚ್ಚುಕಡಿಮೆ ಒಂದೇ, ಅಂದರೆ ಕುದಿಬಿಂದುವಿನ ಸಮೀಪ; ವ್ಯತ್ಯಾಸವಿರುವುದು ಅಲ್ಲಿಗೆ ಮುಟ್ಟಲು ತಗಲುವ ಹೊತ್ತಿನಲ್ಲಿ. 200 ವಾಟಿನ ಪಾತ್ರೆ ಎಂಟು ಗಂಟೆ ನಿರಂತರ ನಡೆದರೂ 1.6 ಯೂನಿಟ್ ವಿದ್ಯುತ್ ಮಾತ್ರ ಖರ್ಚಾಗುತ್ತದೆ. ಪ್ರತಿ ಮನೆಯಲ್ಲೂ ಇರುವ ಪ್ರೆಶರ್ ಕುಕ್ಕರ್ ಇದಕ್ಕಿಂತ ಹೇಗೆ ಕಡಿಮೆ ಎಂದು ಕೇಳುವುದು ಸಹಜ. ಒತ್ತಡದಿಂದ ಒಳಗಿನ ಶಾಖ 120 ಡಿಗ್ರಿಯವರೆಗೆ ಏರುವುದರಿಂದ ಅದರಲ್ಲಿ ಹಂದಿ ಬಾಡು ಅರ್ಧ ಗಂಟೆಯೊಳಗೆ ಬೇಯುತ್ತದೆ. ಸಂಜೆ ಆರಕ್ಕೆ ಮನೆಗೆ ಬಂದು ಅಡುಗೆ ಮಾಡುವ ಚೈತನ್ಯ ಉಳಿದಿರುವವರಿಗೆ ಅದೇ ಸಾಕು, ಬೇರೆ ಪಾತ್ರೆಗೆ ದುಡ್ಡು ಸುರಿಯಬೇಕಾಗಿಲ್ಲ. ಕೂಗು ಎಣಿಸುವವರು ಮನೆಯಲ್ಲಿ ಇಲ್ಲದಿರುವಾಗ ಮಾತ್ರ ಸ್ಲೋ ಕುಕ್ಕರಿಗೆ ಅರ್ಥವಿದೆ.

ಪಾಕದ ವಿಚಾರಕ್ಕೆ ಬಂದರೆ, ನಾಲ್ಕೈದು ಮಂದಿಯ ಊಟಕ್ಕೆ ಕೊಬ್ಬು ಮತ್ತು ಚರ್ಮ ಸಹಿತವಾದ ಒಂದು ಕಿಲೋ ಭುಜದ ಮಾಂಸವನ್ನು ಒಂದೂವರೆ ಅಂಗುಲದ ತುಂಡುಗಳಾಗಿ ಕೊಯ್ಸಿ ತರಬೇಕು. ಹಿಂದಿನ ರಾತ್ರಿ ಎರಡು ದೊಡ್ಡ ಈರುಳ್ಳಿ, ಒಂದು ಇಡಿ ಬೆಳ್ಳುಳ್ಳಿ, ಎರಡಂಗುಲ ಹಸಿ ಶುಂಠಿ, ನಾಲ್ಕೈದು ಹಸಿ ಮೆಣಸಿನಕಾಯಿಗಳನ್ನು ತರಿತರಿಯಾಗಿ ರುಬ್ಬಿ, ಅರ್ಧ ಚಮಚ ಅರಿಸಿನ, ಎರಡು ಚಮಚ ಉಪ್ಪು, ಒಂದು ಚಮಚ ಮೆಣಸಿನ ಪುಡಿಯೊಂದಿಗೆ ಮಾಂಸಕ್ಕೆ ಹಚ್ಚಿ ಫ್ರಿಜ್ಜಿನಲ್ಲಿ ಇಡುವುದು ಮೊದಲ ಹಂತ. ಅದೇ ರಾತ್ರಿ ಪಂದಿ ಕರಿಯ ಜೀವಾಳವಾದ ಕಪ್ಪು ಮಸಾಲೆಯನ್ನೂ ಸಿದ್ಧಪಡಿಸಿಕೊಳ್ಳಬೇಕು: ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಎರಡು ಸಣ್ಣ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಹತ್ತಾರು ಮೆಂತ್ಯದ ಕಾಳುಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಕಡು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು ಪುಡಿ ಮಾಡಿದರೆ ಅದು ಸಿದ್ಧ. ಈ ಹುರಿಯುವಿಕೆಯಲ್ಲಿ ಮಾತ್ರ ಒಲೆಯ ಮುಂದಿನಿಂದ ಅಲುಗಾಡುವಂತಿಲ್ಲ. ಒಂದು ನಿಮಿಷ ಹೆಚ್ಚಾದರೆ ಸೀದು ಕಹಿಯಾಗುತ್ತದೆ, ಒಂದು ನಿಮಿಷ ಕಡಿಮೆಯಾದರೆ ಪಂದಿ ಕರಿಯ ಬದಲು ಸಾಧಾರಣ ಸಾರಾಗುತ್ತದೆ.

ಬೆಳಿಗ್ಗೆ ಮಾಂಸವನ್ನು ದಪ್ಪ ತಳದ ಬಾಣಲೆಗೆ ಹಾಕಿ, ತನ್ನ ಕೊಬ್ಬು ಬಿಟ್ಟುಕೊಂಡು ನೀರೊಡೆದು ಕುದಿಯುವವರೆಗೆ ಹತ್ತು ನಿಮಿಷ ಕೈಯಾಡಿಸಿ, ಬಿಸಿಯಿರುವಾಗಲೇ ಸ್ಲೋ ಕುಕ್ಕರಿಗೆ ಸುರಿಯಬೇಕು. ಬೇರೆ ಎಣ್ಣೆ ಬೇಕಾಗುವುದಿಲ್ಲ. ಅನೇಕರು ಅವಸರದಲ್ಲಿ ಈ ಹಂತವನ್ನು ಬಿಟ್ಟು ಫ್ರಿಜ್ಜಿನಿಂದ ನೇರವಾಗಿ ಪಾತ್ರೆಗೆ ಹಾಕುತ್ತಾರಾದರೂ ಅದು ಸಲ್ಲದು. ರೋಗ ತರುವ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ತಣ್ಣನೆಯ ಮಾಂಸ ಸಣ್ಣ ಶಾಖದಲ್ಲಿ ಆ ವಲಯವನ್ನು ದಾಟಲು ಗಂಟೆಗಳೇ ಹಿಡಿಯಬಹುದು, ಹೆಪ್ಪುಗಟ್ಟಿದ ಮಾಂಸವಾದರೆ ಇನ್ನೂ ಹೆಚ್ಚು. ಕಪ್ಪು ಮಸಾಲೆಯಲ್ಲಿ ಅರ್ಧವನ್ನು ಈಗ ಸೇರಿಸಿ, ಒಂದೇ ಒಂದು ಲೋಟ ಬಿಸಿನೀರು ಹಾಕಿ ಮುಚ್ಚಬೇಕು. ಹಬೆ ಹೊರಹೋಗದೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಮರಳುವುದರಿಂದಲೂ ಮಾಂಸವೇ ರಸ ಬಿಡುವುದರಿಂದಲೂ, ಒಲೆಯ ಸಾರಿಗೆ ಹಾಕುವಷ್ಟು ನೀರು ಹಾಕಿದರೆ ಸಂಜೆಗೆ ಕೈಗೆ ಸಿಗುವುದು ತಿಳಿನೀರು. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಬೇಕು. ಹೊರಡುವ ಮುನ್ನ ಸಿಗುವ ಒಂದು ಗಂಟೆ 'ಹೈ'ನಲ್ಲಿಟ್ಟು ಬಳಿಕ 'ಲೋ'ಗೆ ತಿರುಗಿಸಿದರೆ ಏಳು ಗಂಟೆಗಳಲ್ಲಿ ಬಾಡು ಚಮಚದಲ್ಲಿ ಒತ್ತಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಮಧ್ಯೆ ಮುಚ್ಚಳ ತೆರೆದು ನೋಡುವ ಚಪಲ ಬಿಡಬೇಕು. ಒಮ್ಮೆ ತೆರೆದರೆ ಕಳೆದುಕೊಂಡ ಶಾಖ ಮರಳಲು ಇಪ್ಪತ್ತು ನಿಮಿಷವಾದರೂ ಬೇಕು.

ಸಂಜೆ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ಬೇಕಷ್ಟು ತೆಗೆದು, ಉಳಿದ ಕಪ್ಪು ಮಸಾಲೆ ಮತ್ತು ಒಂದು ದೊಡ್ಡ ಚಮಚ ಕಾಚಂಪುಳಿ ಸೇರಿಸಿ ಹತ್ತು ನಿಮಿಷ ಬಿಟ್ಟರೆ ಅಡುಗೆ ಮುಗಿಯಿತು. ಮಸಾಲೆಯನ್ನು ಎರಡು ಪಾಲು ಮಾಡುವುದಕ್ಕೆ ಕಾರಣವಿದೆ: ಕಾಳುಮೆಣಸು, ಕೊತ್ತಂಬರಿಗಳ ಘಮ ಗಾಳಿಗೆ ಹಾರುವ ತೈಲಗಳಲ್ಲಿದ್ದು, ಇಡೀ ದಿನ ಬೆಂದರೆ ಖಾರ ಉಳಿದು ಘಮ ಸಾಯುತ್ತದೆ. ಕಾಚಂಪುಳಿ ಎಂದರೆ ಮಲೆನಾಡಿನಲ್ಲಿ ಉಪ್ಪಾಗೆ ಎಂದು ಕರೆಯುವ ಮರದ ಹಣ್ಣಿನ ರಸವನ್ನು ಕುದಿಸಿ ಬತ್ತಿಸಿದ, ಕಾಕಂಬಿಯಂತೆ ಕಪ್ಪಾದ, ವರ್ಷಗಟ್ಟಲೆ ಕೆಡದ ಹುಳಿ. ಕೊಬ್ಬಿನ ಜಿಡ್ಡನ್ನು ನಾಲಗೆಯ ಮೇಲೆ ಮುರಿಯುವ ಕೆಲಸ ಅದರದು. ಕೊಡಗಿನಿಂದ ದೂರವಿರುವ ಊರಿನಲ್ಲಿ ಅದು ಸಿಗದಿದ್ದರೆ ಗಟ್ಟಿಯಾಗಿ ಕಿವುಚಿದ ಹುಣಸೆ ರಸದಿಂದ ಕೆಲಸ ಸಾಗುತ್ತದೆ, ಆದರೆ ರುಚಿ ಬೇರೆಯೇ ಆಗುತ್ತದೆಂಬುದನ್ನು ಮುಚ್ಚಿಡಬಾರದು. ಮಂಗಳೂರಿನ ಬಗೆ ಬೇಕೆನ್ನುವವರು ಕಪ್ಪು ಮಸಾಲೆಯ ಜಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನ ಸೇರಿದ ಬಾಫತ್ ಪುಡಿಯನ್ನೂ, ಕಾಚಂಪುಳಿಯ ಜಾಗದಲ್ಲಿ ವಿನಿಗರ್ ಅಥವಾ ಹುಣಸೆಯನ್ನೂ ಬಳಸಬಹುದು. ಉಳಿದ ಕ್ರಮ ಒಂದೇ.

ಈ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ತೊಡಕೊಂದಿದೆ, ಅದು ವಿದ್ಯುತ್ತಿನದು. ಬೆಸ್ಕಾಂ ವ್ಯಾಪ್ತಿಗೆ ಸೇರಿದ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ, ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಿದ ಮೇಲೆ ಸ್ಥಿತಿ ಸುಧಾರಿಸಿದ್ದರೂ, ಮಳೆಗಾಳಿಯ ದಿನ ಕರೆಂಟು ಹೋಗದೆಂಬ ಭರವಸೆಯನ್ನು ಯಾರೂ ಕೊಡಲಾರರು. ಕರೆಂಟು ಮರಳಿದಾಗ ತಾನಾಗಿ ಆರಂಭವಾಗುವ, ಗುಂಡಿ ತಿರುಗಿಸುವ ಸರಳ ಮಾದರಿಯ ಪಾತ್ರೆ ಇಲ್ಲಿಗೆ ಒಳ್ಳೆಯದು. ಅಂಕಿ ಮೂಡುವ ದುಬಾರಿ ಮಾದರಿಗಳಲ್ಲಿ ಹಲವು ಒಮ್ಮೆ ಕರೆಂಟು ಹೋದರೆ ಆರಿಯೇ ಉಳಿಯುತ್ತವೆ. ಆದರೆ ಸರಳ ಮಾದರಿಗೂ ಒಂದು ಅಪಾಯವಿದೆ: ನಡುವೆ ಎಷ್ಟು ಹೊತ್ತು ಆರಿತ್ತೆಂಬುದು ಹೊರಗೆ ಹೋದವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಯಾರಾದರೂ ಇದ್ದು ಕರೆಂಟು ಹೋದುದನ್ನು ಕಂಡರೆ ಕೂಡಲೇ ಬಾಡನ್ನು ಗ್ಯಾಸಿನ ಒಲೆಗೆ ವರ್ಗಾಯಿಸಿ ಬೇಯಿಸಿ ಮುಗಿಸಬೇಕು. ಇಡೀ ದಿನ ಯಾರೂ ಇಲ್ಲದೆ, ಸಂಜೆ ಬಂದಾಗ ಪಾತ್ರೆ ಆರಿದ್ದರೆ, ಬೆಂದಂತೆ ಕಂಡರೂ ಚೆಲ್ಲುವುದೇ ಕ್ಷೇಮ.

ಕರೆಂಟನ್ನು ನಂಬದೆಯೂ ಇದೇ ಫಲ ಪಡೆಯುವ ದಾರಿಯೊಂದು ಕೈಯಳತೆಯಲ್ಲಿದೆ. ಮಾಂಸವನ್ನು ದಪ್ಪ ಪಾತ್ರೆಯ ತುಂಬ ಹಾಕಿ, ಒಲೆಯ ಮೇಲೆ ಮುಚ್ಚಳ ಬಿಗಿದು ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಕುದಿಯುತ್ತಿರುವಾಗಲೇ ಇಳಿಸಿ, ಒಣ ಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಚಳ್ಳಕೆರೆಯ ದಪ್ಪ ಕಂಬಳಿಯೊಂದನ್ನು ಸುತ್ತಲೂ ಹೊದಿಸಿದರೆ, ಉಣ್ಣೆಯ ಎಳೆಗಳ ನಡುವಿನ ಗಾಳಿ ಶಾಖವನ್ನು ಹೊರಬಿಡದೆ ನಾಲ್ಕು ಗಂಟೆಯವರೆಗೆ ಬಾಡನ್ನು ಬೇಯಿಸುತ್ತದೆ. ಪಾತ್ರೆ ತುಂಬಿದಷ್ಟೂ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ತೆಗೆದಾಗ ಪಾತ್ರೆ ಮುಟ್ಟಲಾರದಷ್ಟು ಬಿಸಿಯಿರಬೇಕು, ಉಣ್ಣುವ ಮೊದಲು ಮತ್ತೊಮ್ಮೆ ಕುದಿಸಬೇಕು. ಬೆಳಿಗ್ಗೆ ತೋಟಕ್ಕೆ ಹೋಗಿ ಮಧ್ಯಾಹ್ನ ಬರುವವರಿಗೆ ಈ ಕ್ರಮ ಹೇಳಿ ಮಾಡಿಸಿದಂತಿದೆ. ಸಂಜೆಯವರೆಗೆ ಬಾರದವರಿಗೆ ಮಾತ್ರ ಸಲ್ಲದು.

ಹಂದಿ ಮಾಂಸದ ಬಗ್ಗೆ ಜನರಲ್ಲಿರುವ ಲಾಡಿಹುಳುವಿನ ಭಯ ನಿರಾಧಾರವಲ್ಲ, ಆದರೆ ಅರೆಬರೆ ತಿಳಿವಳಿಕೆಯದು. ಟೀನಿಯಾ ಸೋಲಿಯಂ ಎಂಬ ಈ ಹುಳುವಿನ ಮರಿಗಳು ಮನುಷ್ಯರ ಮಲ ತಿಂದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿಯ ಗುಳ್ಳೆಗಳಾಗಿ ಕುಳಿತಿರುತ್ತವೆ. ಅಂಥ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಮಿದುಳಿಗೆ ಸೇರಿ ಮೂರ್ಛೆರೋಗ ತರುವ ತೊಂದರೆಯಾದರೋ ಬರುವುದು ಹುಳುವಿನ ಮೊಟ್ಟೆಗಳಿಂದ, ಅವು ಹೊಟ್ಟೆಗೆ ಸೇರುವುದು ತೊಳೆಯದ ಕೈ ಮತ್ತು ಹಸಿ ತರಕಾರಿಯ ಮೂಲಕ. ಹಂದಿಯನ್ನು ಎಂದೂ ತಿನ್ನದವರಿಗೂ ಅದು ಬರುತ್ತದೆ. ಕುದಿಬಿಂದುವಿನ ಹತ್ತಿರ ಗಂಟೆಗಟ್ಟಲೆ ಬೆಂದ ಬಾಡಿನಲ್ಲಿ ಮರಿಹುಳು ಬದುಕುವ ಸಂಭವವಿಲ್ಲ. ಹಾಗಿದ್ದರೂ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಸಾಕಿದ ಯಾರ್ಕ್‌ಶೈರ್ ತಳಿಯ ಹಂದಿಯ ಮಾಂಸವನ್ನು ಕೇಳಿ ಕೊಳ್ಳುವುದೂ, ಕೊಯ್ದ ಹಲಗೆಯನ್ನು ಬಿಸಿನೀರಿನಲ್ಲಿ ತೊಳೆಯುವುದೂ ಬುದ್ಧಿವಂತಿಕೆ. ಕಾಡುಹಂದಿಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ ಅದರ ಮಾಂಸ ಸಿಗುತ್ತದೆಂದು ಯಾರಾದರೂ ಹೇಳಿದರೆ ಕಿವಿಗೊಡಬಾರದು.

ಕೊಡಗಿನಲ್ಲಿ ಪಂದಿ ಕರಿಗೆ ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು ಜೊತೆಯಾದರೆ, ಚಿತ್ರದುರ್ಗದ ಮನೆಗಳಲ್ಲಿ ರಾಗಿ ಮುದ್ದೆಗಿಂತ ಒಳ್ಳೆಯ ಜೊತೆ ಇಲ್ಲ. ಮುದ್ದೆಗೆ ಸಾರು ತುಸು ತೆಳುವಾಗಿ ಬೇಕಾಗುವುದರಿಂದ ಕೊನೆಯಲ್ಲಿ ಅರ್ಧ ಲೋಟ ಬಿಸಿನೀರು ಸೇರಿಸಿಕೊಳ್ಳಬಹುದು. ಜೋಳದ ರೊಟ್ಟಿಯವರಿಗೆ ಗಟ್ಟಿಯಾಗಿದ್ದಂತೆಯೇ ಚೆನ್ನ. ಉಳಿದ ಬಾಡನ್ನು ಎರಡು ಗಂಟೆಯೊಳಗೆ ಚಿಕ್ಕ ಪಾತ್ರೆಗಳಿಗೆ ಹಂಚಿ ಫ್ರಿಜ್ಜಿಗೆ ಸೇರಿಸಬೇಕು, ಮರುದಿನ ಒಲೆಯ ಮೇಲೆಯೇ ಕುದಿಸಬೇಕು. ತಣ್ಣಗಿನ ಅಡುಗೆಯನ್ನು ಬಿಸಿ ಮಾಡಲು ಸ್ಲೋ ಕುಕ್ಕರ್ ತಕ್ಕ ಸಾಧನವಲ್ಲ. ಇನ್ನೊಂದು ಮಾತು: ಒಂದೊಂದು ಪಾತ್ರೆಯ ಶಾಖ ಒಂದೊಂದು ರೀತಿ, ಒಂದೊಂದು ಊರಿನ ವೋಲ್ಟೇಜು ಒಂದೊಂದು ರೀತಿ ಇರುವುದರಿಂದ, ಹೊಸದಾಗಿ ಕೊಂಡವರು ಮೊದಲ ಸಲ ಇದನ್ನು ಬಿಡುವಿಲ್ಲದ ದಿನ ಮಾಡಬಾರದು; ಮನೆಯಲ್ಲಿಯೇ ಇರುವ ಒಂದು ಭಾನುವಾರ ಇಟ್ಟು, ತಮ್ಮ ಪಾತ್ರೆಯಲ್ಲಿ ಬಾಡು ಎಷ್ಟು ಗಂಟೆಗೆ ಕುದಿಗೆ ಬರುತ್ತದೆ, ಎಷ್ಟು ಗಂಟೆಗೆ ಬೇಯುತ್ತದೆ ಎಂಬುದನ್ನು ಕಣ್ಣಾರೆ ನೋಡಿಕೊಂಡ ಮೇಲೆ ಕೆಲಸದ ದಿನಕ್ಕೆ ಬಳಸಿಕೊಳ್ಳಬೇಕು.